ಹೇರ್ ಸಲೂನಿನಲ್ಲಿ ಮೇಕಪ್ ಶುರು ಮಾಡುವಾಗ ಯಾವ ಬ್ರ್ಯಾಂಡ್ ಇಡಬೇಕು?

ಪ್ರಶ್ನೆ: ಹತ್ತು ವರ್ಷದಿಂದ ಸಣ್ಣದೊಂದು ಹೇರ್ ಸಲೂನ್ ನಡೆಸುತ್ತಿದ್ದೇನೆ. ಮೂರು ಕುರ್ಚಿ, ಇಬ್ಬರು ಸಹಾಯಕರು. ಕಟಿಂಗ್, ಕಲರ್, ಸಮಾರಂಭಗಳಿಗೆ ಹೇರ್‌ಸ್ಟೈಲ್ ಮಾಡುತ್ತೇವೆ. ಈಚೆಗೆ ಬಂದವರೆಲ್ಲ ಮೇಕಪ್ಪೂ ಇಲ್ಲೇ ಆಗಿಬಿಟ್ಟರೆ ಚೆನ್ನಾಗಿತ್ತು ಅನ್ನುತ್ತಾರೆ. ಮೇಕಪ್ ಕೋರ್ಸ್ ಮುಗಿಸಿದ್ದೇನೆ. ಈಗ ಒಂದು ಕಂಪನಿಯವರು ಬಂದು, ತಮ್ಮ ಬ್ರ್ಯಾಂಡ್ ಒಂದನ್ನೇ ಇಟ್ಟುಕೊಂಡರೆ ಸ್ಟ್ಯಾಂಡು, ದೀಪದ ಕನ್ನಡಿ, ತರಬೇತಿ ಎಲ್ಲ ಪುಕ್ಕಟೆ ಎಂದಿದ್ದಾರೆ. ಎರಡು ವರ್ಷದ ಒಪ್ಪಂದ. ಒಪ್ಪಿಕೊಳ್ಳಲಾ? ಇಲ್ಲ ಬೇರೆ ಬೇರೆ ಬ್ರ್ಯಾಂಡ್ ಸೇರಿಸಿ ಕಿಟ್ ಮಾಡಿಕೊಳ್ಳಲಾ? ಗ್ರಾಹಕರು ದೊಡ್ಡ ಹೆಸರನ್ನೇ ಕೇಳುತ್ತಾರೇನೋ ಅನ್ನುವ ಅಳುಕೂ ಇದೆ.

ಉತ್ತರ:

ಈಗಲೇ ಸಹಿ ಹಾಕಬೇಡಿ. ಆ ಕಂಪನಿ ಕೆಟ್ಟದ್ದು ಅಂತಲ್ಲ. ಯಾವ ಕಂಪನಿಗೂ ಎಲ್ಲವೂ ಒಲಿದಿರುವುದಿಲ್ಲ. ಒಬ್ಬರ ಫೌಂಡೇಶನ್ ಬಲು ಚೆನ್ನ, ಪೌಡರ್ ಸುಮಾರು. ಇನ್ನೊಬ್ಬರ ಲಿಪ್‌ಸ್ಟಿಕ್ ಬಣ್ಣಗಳು ಸೊಗಸು, ಕಲೆ, ಕಪ್ಪು ಮುಚ್ಚುವ ಕನ್ಸೀಲರ್ ಮಾತ್ರ ಎರಡು ಗಂಟೆಯಲ್ಲಿ ಕಣ್ಣಿನ ಕೆಳಗೆ ಗೆರೆಗಟ್ಟುತ್ತದೆ. ಒಂದೇ ಹೆಸರಿಗೆ ಎರಡು ವರ್ಷ ಕಟ್ಟುಬಿದ್ದರೆ ಅವರ ಸುಮಾರಾದ ಸಾಮಾನನ್ನೂ ನೀವು ಗ್ರಾಹಕರ ಮುಖಕ್ಕೆ ಹಚ್ಚಬೇಕಾಗುತ್ತದೆ. ಒಪ್ಪಂದವನ್ನು ನಿಮಗೆ ಅನುಕೂಲವಾಗುವಂತೆ ತಿರುಗಿಸುವ ದಾರಿಯೂ ಇದೆ. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ನಾನು ಪ್ರತಿ ಸಾಮಾನನ್ನೂ ಮೂರು ಮಾತು ಕೇಳಿಕೊಂಡೇ ಕಿಟ್ಟಿಗೆ ಸೇರಿಸುತ್ತೇನೆ. ನನ್ನ ಕೆಲಸದ ಜಾಗದಲ್ಲಿ ಇದು ನಿಲ್ಲುತ್ತದಾ? ಮುಂದಿನ ವರ್ಷವೂ ಇದೇ ಶೇಡ್ ಬಿಡಿಯಾಗಿ ಸಿಗುತ್ತದಾ? ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ಏನೂ ದಾಟದಂತೆ ಇದನ್ನು ಬಳಸೋಕೆ ಆಗುತ್ತದಾ? ಈ ಮೂರಕ್ಕೂ ಹೌದು ಅಂತ ಬಂದರೆ ಡಬ್ಬಿಯ ಮೇಲೆ ಯಾವ ಹೆಸರಿದ್ದರೂ ನನಗೆ ತಕರಾರಿಲ್ಲ.

ಮೊದಲ ಪ್ರಶ್ನೆಯೇ ನಿಮಗೆ ಹೆಚ್ಚು ಮುಖ್ಯ, ಯಾಕಂದ್ರೆ ನಿಮ್ಮದು ಹೇರ್ ಸಲೂನ್. ಬರೀ ಮೇಕಪ್ ಮಾಡುವ ಸ್ಟುಡಿಯೋದಲ್ಲಿ ಇಲ್ಲದ ತೊಂದರೆಗಳು ನಿಮ್ಮಲ್ಲಿವೆ. ಡ್ರೈಯರ್ ಬಿಸಿಗಾಳಿ ಮುಖಕ್ಕೆ ಹೊಡೆಯುತ್ತದೆ. ಪಕ್ಕದ ಕುರ್ಚಿಯಲ್ಲಿ ತಲೆ ತೊಳೆದ ತೇವ ಗಾಳಿಯಲ್ಲಿರುತ್ತದೆ. ಕತ್ತರಿಸಿದ ಸಣ್ಣ ಕೂದಲು ಕ್ರೀಮಿನ ಡಬ್ಬಿಯೊಳಗೆ ಬೀಳುತ್ತದೆ. ಎಲ್ಲಕ್ಕಿಂತ ದೊಡ್ಡದು ಹೇರ್ ಸ್ಪ್ರೇ. ಅದರಲ್ಲಿ ಇರುವುದು ಮುಖ್ಯವಾಗಿ ಆಲ್ಕೋಹಾಲ್ ಮತ್ತು ಕೂದಲನ್ನು ಹಿಡಿದಿಡುವ ಅಂಟು. ಮುಗಿದ ಮೇಕಪ್ ಮೇಲೆ ಅದರ ಹನಿ ಬಿದ್ದರೆ ಹಣೆಯ ಮೇಲೆ, ಕಿವಿಯ ಮುಂದೆ ಚುಕ್ಕೆಚುಕ್ಕೆಯಾಗಿ ಫೌಂಡೇಶನ್ ಕದಡುತ್ತದೆ. ಆಮೇಲೆ ಆ ಜಾಗ ಅಂಟಂಟಾಗಿ ಹೊಳೆಯುತ್ತದೆ. (ಮೇಕಪ್ ನಿಲ್ಲಲಿ ಅಂತ ಮುಖಕ್ಕೇ ಹೇರ್ ಸ್ಪ್ರೇ ಹೊಡೆಯುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಅದು ಚರ್ಮಕ್ಕೂ ಕಣ್ಣಿಗೂ ಮಾಡಿದ್ದಲ್ಲ.)

ಅದಕ್ಕೆ ಕೆಲಸದ ಸರದಿಯನ್ನು ಹೀಗೆ ಇಟ್ಟುಕೊಳ್ಳಿ. ಬ್ಲೋ ಡ್ರೈ, ರೋಲರ್, ಬಿಸಿ ಕೆಲಸ ಎಲ್ಲ ಮೊದಲು. ಸುರುಳಿಗಳು ತಣ್ಣಗಾಗುವ ಹೊತ್ತಿನಲ್ಲಿ ಮೇಕಪ್. ಆಮೇಲೆ ಕೂದಲು ಬಿಚ್ಚಿ ಕಟ್ಟುವುದು. ಸ್ಪ್ರೇ ಹೊಡೆಯುವಾಗ ಹಣೆಗೆ ಅಡ್ಡ ಒಂದು ದಪ್ಪ ಕಾಗದ ಹಿಡಿಯಿರಿ. ಲಿಪ್‌ಸ್ಟಿಕ್ ಎಲ್ಲಕ್ಕಿಂತ ಕೊನೆಗೆ. ಸರದಿ ಸರಿಯಿದ್ದರೆ ಸಾಧಾರಣ ಬೆಲೆಯ ಫೌಂಡೇಶನ್ ಕೂಡ ಸಂಜೆಯವರೆಗೆ ಬರುತ್ತದೆ. ಸರದಿ ತಪ್ಪಿದರೆ ಎಷ್ಟು ದುಬಾರಿಯದ್ದಾದರೂ ಕೆಡುತ್ತದೆ.

ಈಗ ಫೌಂಡೇಶನ್. ನಿಮ್ಮ ದುಡ್ಡಿನ ದೊಡ್ಡ ಪಾಲು ಇಲ್ಲಿಗೇ ಹೋಗಲಿ. ಐಶ್ಯಾಡೋ ಬಣ್ಣ ಸ್ವಲ್ಪ ಆಚೀಚೆ ಆದರೆ ಯಾರೂ ಗಮನಿಸುವುದಿಲ್ಲ. ಫೌಂಡೇಶನ್ ಶೇಡ್ ತಪ್ಪಿದರೆ ಮುಖ ಒಂದು ಬಣ್ಣ, ಕತ್ತು ಒಂದು ಬಣ್ಣ ಆಗಿ ದೂರದಿಂದಲೇ ಕಾಣುತ್ತದೆ. ನಿಮ್ಮ ಕುರ್ಚಿಗೆ ಬರುವ ಎಲ್ಲ ಬಣ್ಣದ ಚರ್ಮಕ್ಕೂ ಆ ಬ್ರ್ಯಾಂಡಿನಲ್ಲಿ ಶೇಡ್ ಇರಬೇಕು. ಫೆಂಟಿ ಬ್ಯೂಟಿ 2017ರಲ್ಲಿ ಒಂದೇ ಸಲಕ್ಕೆ 40 ಶೇಡ್ ಇಟ್ಟುಕೊಂಡು ಬಂತು. ಅದಾದ ಮೇಲೆ ಬೇರೆ ಕಂಪನಿಗಳೂ ಗಾಢ ಶೇಡ್‌ಗಳ ಸಂಖ್ಯೆ ಹೆಚ್ಚಿಸಿದವು. ಇದು ಒಳ್ಳೆಯದೇ. ಆದರೆ 40 ಅನ್ನುವ ಸಂಖ್ಯೆ ನೋಡಿ ಖುಷಿಪಡಬೇಡಿ. ಅದರಲ್ಲಿ ತಿಳಿ ಬಣ್ಣಕ್ಕೆ ಎಷ್ಟು, ನಡುವಿನದಕ್ಕೆ ಎಷ್ಟು, ಗಾಢ ಬಣ್ಣಕ್ಕೆ ಎಷ್ಟು ಅಂತ ಎಣಿಸಿ. ಪ್ರತಿ ಹಂತದಲ್ಲೂ ಹಳದಿ ಛಾಯೆಯದು, ಕೆಂಪು ಛಾಯೆಯದು, ಎರಡೂ ಅಲ್ಲದ್ದು ಸಿಗುತ್ತದಾ ನೋಡಿ. ಗಾಢ ಶೇಡ್‌ಗಳೆಲ್ಲ ಬರೀ ಕೆಂಪಿಗೆ ತಿರುಗಿದ್ದರೆ ಆ ಸಾಲು ನಿಮಗೆ ಅರ್ಧ ಮಾತ್ರ ಉಪಯೋಗಕ್ಕೆ ಬರುತ್ತದೆ. ಗಾಢ ಚರ್ಮಕ್ಕೆ ಬಿಳಿ ಪುಡಿ ಹೆಚ್ಚಿರುವ ಶೇಡ್ ಹಚ್ಚಿದರೆ ಮುಖ ಬೂದಿ ಬಳಿದ ಹಾಗೆ ಆಗುತ್ತದೆ. ಆ ಗ್ರಾಹಕರು ಕನ್ನಡಿ ನೋಡಿ ಸುಮ್ನೆ ನಕ್ಕು ಹೋಗುತ್ತಾರೆ. ಮತ್ತೆ ಬರುವುದಿಲ್ಲ. ಯಾರೊಬ್ಬರೂ ನಮ್ಮ ಕುರ್ಚಿಯಿಂದ ಹಾಗೆ ಎದ್ದು ಹೋಗಬಾರದು ಅಲ್ವಾ?

ಶೇಡ್ ಹೆಸರಿಗೆ ಮೋಸ ಹೋಗಬೇಡಿ. ಮ್ಯಾಕ್ ಕಂಪನಿಯ ಎನ್‌ಸಿ, ಎನ್‌ಡಬ್ಲ್ಯೂ ಗುರುತುಗಳನ್ನೇ ನೋಡಿ. ಸಿ ಅಂದರೆ ಕೂಲ್, ಡಬ್ಲ್ಯೂ ಅಂದರೆ ವಾರ್ಮ್. ಆದರೆ ಹಳದಿ, ಹೊನ್ನಿನ ಛಾಯೆಯ ಚರ್ಮಕ್ಕೆ ಅವರು ಹೇಳುವುದು ಎನ್‌ಸಿ. ಗುಲಾಬಿ ಛಾಯೆಗೆ ಎನ್‌ಡಬ್ಲ್ಯೂ. ಬೇರೆ ಕಂಪನಿಗಳ ಲೆಕ್ಕ ಹೆಚ್ಚಾಗಿ ಇದಕ್ಕೆ ಉಲ್ಟಾ, ಹಳದಿ ಛಾಯೆ ವಾರ್ಮ್, ಗುಲಾಬಿ ಛಾಯೆ ಕೂಲ್. ಮೇಕಪ್ ಫಾರ್ ಎವರ್ ತನ್ನ ಎಚ್‌ಡಿ ಸ್ಕಿನ್ ಫೌಂಡೇಶನ್‌ನಲ್ಲಿ ಹಳದಿಗೆ ವೈ, ಕೆಂಪಿಗೆ ಆರ್, ನಡುವಿನದಕ್ಕೆ ಎನ್ ಅಂತ ಬರೆಯುತ್ತದೆ. ಕಲಿಯುವವರಿಗೆ ಇದು ಸುಲಭ. ನಿಮ್ಮ ಸಹಾಯಕರೂ ಕಿಟ್ ಮುಟ್ಟುವವರಾದ್ದರಿಂದ ಗುರುತು ಗೊಂದಲ ಮಾಡದಿರುವುದೂ ಬ್ರ್ಯಾಂಡಿನ ಒಂದು ಗುಣವೇ.

ಎಲ್ಲ ಶೇಡನ್ನೂ ಕೊಳ್ಳಬೇಕಾಗಿಲ್ಲ. ಒಂದೇ ಸಾಲಿನ ಎಂಟೋ ಹತ್ತೋ ಶೇಡ್ ಇದ್ದರೆ ಎರಡನ್ನು ಬೆರೆಸಿ ನಡುವಿನದನ್ನು ಮಾಡಿಕೊಳ್ಳಬಹುದು. ಜೊತೆಗೆ ಬೆರೆಸೋಕೆ ಬಿಳಿ, ಹಳದಿ, ಕೆಂಪು, ನೀಲಿ ಬಣ್ಣದ ಹನಿಗಳು ಸಿಗುತ್ತವೆ. ಕಿತ್ತಳೆಗೆ ತಿರುಗಿದ ಫೌಂಡೇಶನ್‌ಗೆ ನೀಲಿಯ ಒಂದೇ ಒಂದು ಚುಕ್ಕೆ ಹಾಕಿದರೆ ಅದು ಹೇಗೆ ಇಳಿಯುತ್ತದೆ ಅಂತ ನೋಡುವುದೇ ಚೆಂದ. ನೀವು ಹೇರ್ ಕಲರ್ ಬೆರೆಸುವವರು. ಕಿತ್ತಳೆ ಕೂದಲನ್ನು ನೀಲಿಯಿಂದ ಇಳಿಸುವುದು ನಿಮಗೆ ಕರಗತ. ಇಲ್ಲೂ ಅದೇ ಬಣ್ಣದ ಚಕ್ರ. ಕಣ್ಣಿನ ಕೆಳಗಿನ ನೀಲಿ ಕಪ್ಪಿಗೆ ಕಿತ್ತಳೆ ಕರೆಕ್ಟರ್ ಹಾಕುವುದು ಇದೇ ಲೆಕ್ಕದಲ್ಲಿ. ಮೇಕಪ್ ಮಾತ್ರ ಕಲಿತು ಬಂದವರಿಗಿಂತ ನೀವು ಈ ವಿಷಯದಲ್ಲಿ ಒಂದು ಹೆಜ್ಜೆ ಮುಂದಿದ್ದೀರಿ.

ಸಲೂನಿಗೂ ಮೇಕಪ್ ಬ್ರ್ಯಾಂಡಿಗೂ ಹಳೆಯ ನಂಟೇ ಇದೆ. ಮ್ಯಾಕ್ ಶುರುವಾದದ್ದು 1984ರಲ್ಲಿ, ಟೊರಾಂಟೊದಲ್ಲಿ. ಕಟ್ಟಿದವರು ಇಬ್ಬರು ಫ್ರಾಂಕ್‌ಗಳು. ಫ್ರಾಂಕ್ ಟೋಸ್ಕನ್ ಮೇಕಪ್ ಕಲಾವಿದ, ಫೋಟೋಗ್ರಾಫರ್. ಫ್ರಾಂಕ್ ಆಂಜೆಲೊ ಸಲೂನ್ ಮಾಲೀಕ. ಫೋಟೋ ಶೂಟಿನ ಬೆಳಕಿಗೆ ನಿಲ್ಲುವ ಮೇಕಪ್ ಸಿಗುತ್ತಿಲ್ಲ ಅಂತ ತಾವೇ ಮಾಡಿಕೊಂಡು, ಮೊದಮೊದಲು ಸಲೂನಿನಿಂದಲೇ ಮಾರಿದರು. ಅದೇ 1984ರಲ್ಲಿ ಪ್ಯಾರಿಸ್‌ನಲ್ಲಿ ದಾನಿ ಸಾಂಜ್ ಮೇಕಪ್ ಫಾರ್ ಎವರ್ ಶುರು ಮಾಡಿದರು. ಬರ್ಲಿನ್ನಿನ ಕ್ರಯೋಲಾನ್ ಇನ್ನೂ ಹಳೆಯದು, 1945ರದು. ಬೆನ್ ನೈ 1967ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಹುಟ್ಟಿತು. ಅದನ್ನು ಕಟ್ಟಿದವರು ಸಿನಿಮಾ ಸ್ಟುಡಿಯೋದಲ್ಲಿ ಮೇಕಪ್ ವಿಭಾಗ ನಡೆಸಿದವರು.

ಈ ಹಿನ್ನೆಲೆ ಹೇಳಿದ್ದು ಸುಮ್ಮನೆ ಅಲ್ಲ. ಒಂದು ಬ್ರ್ಯಾಂಡ್ ಯಾವ ಕೆಲಸಕ್ಕಾಗಿ ಹುಟ್ಟಿತೋ ಆ ಗುಣ ಅದರ ಸಾಮಾನಿನಲ್ಲಿ ಉಳಿದಿರುತ್ತದೆ. ಕ್ರಯೋಲಾನ್ ಕಂಪನಿಯ ಟಿವಿ ಪೇಂಟ್ ಸ್ಟಿಕ್ ವೇದಿಕೆಗೂ ಕ್ಯಾಮೆರಾಕ್ಕೂ ಮಾಡಿದ್ದು. ಮೇಣ, ಎಣ್ಣೆ, ಬಣ್ಣ ಎಲ್ಲ ಗಟ್ಟಿಯಾಗಿ ಸೇರಿದೆ. ಕಲೆ ಮುಚ್ಚುವುದರಲ್ಲಿ ಅದಕ್ಕೆ ಸಾಟಿ ಕಡಿಮೆ. ಒಂದು ಸ್ಟಿಕ್ ಎಷ್ಟೋ ದಿನ ಬರುತ್ತದೆ. ಆದರೆ ಫೌಂಡೇಶನ್ ಬಳಿದ ಹಾಗೆ ಧಾರಾಳವಾಗಿ ಬಳಿದರೆ ಮುಖ ಹಿಟ್ಟು ಮೆತ್ತಿದಂತೆ ಆಗುತ್ತದೆ. ಪ್ಯಾಲೆಟ್ ಮೇಲೆ ಕೆರೆದು, ಬೆಚ್ಚಗೆ ಮಾಡಿ, ಬೇಕಾದ ಜಾಗಕ್ಕೆ ಮಾತ್ರ ತೆಳ್ಳಗೆ ಒತ್ತಬೇಕು. ಮೇಲೆ ಪೌಡರ್ ಬೇಕೇ ಬೇಕು. ಎಸ್ಟೀ ಲಾಡರ್ ಡಬಲ್ ವೇರ್ 1997ರಿಂದ ಇದೆ. ಎಣ್ಣೆ ಚರ್ಮಕ್ಕೆ, ಉದ್ದ ದಿನಕ್ಕೆ ಒಳ್ಳೆಯದು. ಒಣ ಚರ್ಮದ ಮೇಲೆ ಬಿಗಿಯಾಗಿ ಕಾಣುತ್ತದೆ. ಬೇಗ ಒಣಗುತ್ತದೆ ಕೂಡ. ಕೈ ಇನ್ನೂ ನಿಧಾನ ಇದ್ದವರು ಒಂದೊಂದು ಕೆನ್ನೆಯನ್ನೇ ಮುಗಿಸಿಕೊಂಡು ಹೋಗಬೇಕಾಗುತ್ತದೆ.

ನೀವು ಈಗ ಶುರು ಮಾಡುತ್ತಿರುವುದರಿಂದ ನನ್ನ ಸಲಹೆ ಇದು. ಮುಖ್ಯ ಫೌಂಡೇಶನ್ ಒಂದೇ ಸಾಲಿನದು ಇರಲಿ, ಮಧ್ಯಮ ಮುಚ್ಚುವಿಕೆಯದು, ಪದರದ ಮೇಲೆ ಪದರ ಕಟ್ಟಬಹುದಾದದ್ದು. ಅದರ ಪಕ್ಕ ಕಲೆ ಮುಚ್ಚೋಕೆ ಇನ್ನೊಂದು ಕಂಪನಿಯ ಗಟ್ಟಿ ಕ್ರೀಮ್ ಪ್ಯಾಲೆಟ್. ಈ ಎರಡರಲ್ಲೇ ಬಹಳಷ್ಟು ಮುಖಗಳು ಮುಗಿಯುತ್ತವೆ.

ಕೊಳ್ಳುವ ಮುಂಚೆ ನಿಮ್ಮ ಸಲೂನಿನಲ್ಲೇ ಪರೀಕ್ಷೆ ಮಾಡಿ. ಅಂಗಡಿಯ ಬೆಳಕಿನಲ್ಲಿ ಬೇಡ, ಕೈಯ ಹಿಂಭಾಗದ ಮೇಲೂ ಬೇಡ. ದವಡೆಯಿಂದ ಕತ್ತಿಗೆ ಇಳಿಯುವ ಹಾಗೆ ಒಂದು ಗೆರೆ ಹಚ್ಚಿ. ಅರ್ಧ ಗಂಟೆ ಬಿಡಿ. ಕೆಲವು ಫೌಂಡೇಶನ್ ಚರ್ಮದ ಎಣ್ಣೆ ಸೇರಿ, ನೀರಿನಂಶ ಆರಿ ಒಂದು ಹಂತ ಕಪ್ಪಾಗುತ್ತವೆ. ಹಚ್ಚಿದ ಕೂಡಲೇ ಒಪ್ಪಿದ್ದು ಆಮೇಲೆ ಕಿತ್ತಳೆಯಾಗಿ ಕಾಣಬಹುದು. ಇನ್ನೊಂದು ವಿಷಯ ಬಹಳ ಜನ ಮರೆಯುತ್ತಾರೆ. ಕತ್ತಿಗೆ ಸುತ್ತಿದ ಬಟ್ಟೆ ಕೆಂಪೋ ನೇರಳೆಯೋ ಆಗಿದ್ದರೆ ಅದರ ಬಣ್ಣ ಗಲ್ಲದ ಮೇಲೆ ಪ್ರತಿಫಲಿಸುತ್ತದೆ. ಮೇಕಪ್ ಕುರ್ಚಿಗೆ ಬೂದು ಬಣ್ಣದ ಬಟ್ಟೆ ಇಡಿ. ದೀಪ 5000ದಿಂದ 5500 ಕೆಲ್ವಿನ್ ಇರಲಿ, ಸಿಆರ್‌ಐ (ಆ ಬೆಳಕಿನಲ್ಲಿ ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಅನ್ನುವ ಅಳತೆ) 90ಕ್ಕಿಂತ ಮೇಲಿರಲಿ. ಈ ಎರಡು ಸಂಖ್ಯೆ ಹೆಚ್ಚಾಗಿ ಬಲ್ಬಿನ ಡಬ್ಬಿಯ ಮೇಲೇ ಇರುತ್ತವೆ. ದೀಪ ನೆತ್ತಿಯ ಮೇಲಿನಿಂದ ಬರದೆ ಮುಖದ ಎರಡೂ ಬದಿಯಿಂದ ಬರಬೇಕು. ಕಂಪನಿಯವರು ಕೊಡುತ್ತೇವೆ ಅಂದ ದೀಪದ ಕನ್ನಡಿಯನ್ನೂ ಈ ಲೆಕ್ಕದಲ್ಲೇ ನೋಡಿ. ಹಳದಿ ದೀಪದ ಕನ್ನಡಿ ಪುಕ್ಕಟೆ ಬಂದರೂ ಬೇಡ.

ಕೊನೆಗೆ ಫೋನಿನ ಫ್ಲ್ಯಾಶ್ ಹಾಕಿ ಒಂದು ಫೋಟೋ ತೆಗೆಯಿರಿ. ಟೈಟಾನಿಯಂ ಡೈಆಕ್ಸೈಡ್, ಜಿಂಕ್ ಆಕ್ಸೈಡ್ ಇರುವ ಸನ್‌ಸ್ಕ್ರೀನ್ ಫೌಂಡೇಶನ್‌ಗಳು ಫ್ಲ್ಯಾಶ್ ಬೆಳಕನ್ನು ವಾಪಸ್ ಎಸೆದು ಮುಖವನ್ನು ಬೆಳ್ಳಗೆ ಮಾಡಬಹುದು. ಸಿಲಿಕಾ ತುಂಬಿದ ಸಡಿಲ ಪೌಡರ್ ಜಾಸ್ತಿ ಬಿದ್ದರೂ ಹಾಗೇ. ಕಣ್ಣಿಗೆ ಏನೂ ಕಾಣುವುದಿಲ್ಲ, ಫೋಟೋದಲ್ಲಿ ಕಣ್ಣಿನ ಕೆಳಗೆ ಬಿಳಿ ಮಚ್ಚೆ. ಸಮಾರಂಭಕ್ಕೆ ಹೋಗುವವರಿಗೆ ಆ ಫೋಟೋ ಜೀವನಪೂರ್ತಿ ಇರುತ್ತದೆ. ಈ ಒಂದು ನಿಮಿಷದ ಪರೀಕ್ಷೆಯನ್ನು ಯಾವ ಬ್ರ್ಯಾಂಡಿಗೂ ತಪ್ಪಿಸಬೇಡಿ.

ಫೌಂಡೇಶನ್‌ಗೆ ಮುಂಚೆ ಹಚ್ಚುವ ಪ್ರೈಮರ್ ಬಗ್ಗೆ ಒಂದೇ ಮಾತು. ಫೌಂಡೇಶನ್‌ಗೂ ಪ್ರೈಮರ್‌ಗೂ ಹೊಂದಾಣಿಕೆ ಬೇಕು. ಸಿಲಿಕೋನ್ ಪ್ರೈಮರ್ ಮೇಲೆ ನೀರಿನ ಫೌಂಡೇಶನ್ ಎಳೆದರೆ ಎಷ್ಟೋ ಸಲ ಸಣ್ಣ ಸಣ್ಣ ಉಂಡೆಯಾಗಿ ಎದ್ದು ಬರುತ್ತದೆ. ಡಬ್ಬಿಯ ಹಿಂದೆ ಮೊದಲ ನಾಲ್ಕೈದು ಹೆಸರು ಓದಿ. ಡೈಮೆಥಿಕೋನ್ ಥರದ, ಕೋನ್ ಎಂದು ಮುಗಿಯುವ ಹೆಸರುಗಳಿದ್ದರೆ ಅದು ಸಿಲಿಕೋನ್. ಎರಡೂ ಒಂದೇ ಜಾತಿಯದಾಗಿರಲಿ.

ಇನ್ನು ಶುಚಿ. ಮನೆ ಬಳಕೆಗೆ ಒಪ್ಪುವ ಎಷ್ಟೋ ಒಳ್ಳೆಯ ಬ್ರ್ಯಾಂಡುಗಳು ಇಲ್ಲಿ ಬಿದ್ದುಹೋಗುತ್ತವೆ. ಬೆರಳು ಅದ್ದುವ ಡಬ್ಬಿಗಿಂತ ಪಂಪ್ ಇರುವ ಬಾಟಲಿ ಸಲೂನಿಗೆ ಒಳ್ಳೆಯದು. ಟ್ಯೂಬ್ ಕೂಡ ಒಳ್ಳೆಯದು, ಕೂದಲು ಒಳಗೆ ಹೋಗುವುದಿಲ್ಲ. ಬಾಟಲಿಯ ಮುಚ್ಚಳಕ್ಕೇ ಬ್ರಷ್ ಅಂಟಿಸಿರುವ ಕನ್ಸೀಲರ್, ಲಿಪ್‌ಗ್ಲಾಸ್ ಇದ್ದರೆ ಅದನ್ನು ನೇರವಾಗಿ ಮುಖಕ್ಕೆ ಮುಟ್ಟಿಸಬೇಡಿ. ಸ್ಟೀಲ್ ಪ್ಯಾಲೆಟ್ ಮೇಲೆ ಇಳಿಸಿ ಅಲ್ಲಿಂದ ತೆಗೆದುಕೊಳ್ಳಿ. ಲಿಪ್‌ಸ್ಟಿಕ್ ಕೂಡ ಸ್ಪ್ಯಾಚುಲಾದಿಂದ ಕೆರೆದೇ ಹಚ್ಚಬೇಕು. ತುಟಿಯ ಹರ್ಪಿಸ್ ಗುಳ್ಳೆ ಮುಟ್ಟಿದರೆ ಹರಡುವಂಥದ್ದು. ಕಣ್ಣು ಕೆಂಪಾಗುವ ಸೋಂಕೂ ಹಾಗೇ. ಮಸ್ಕಾರಾಕ್ಕೆ ಒಂದು ಸಲ ಬಳಸಿ ಎಸೆಯುವ ಕಡ್ಡಿಗಳು ಸಿಗುತ್ತವೆ. ಒಂದು ಕಡ್ಡಿ ಒಮ್ಮೆ ರೆಪ್ಪೆ ಮುಟ್ಟಿದರೆ ಮತ್ತೆ ಟ್ಯೂಬಿಗೆ ಹೋಗಬಾರದು. ಎರಡನೇ ಕೋಟಿಂಗ್‌ಗೆ ಇನ್ನೊಂದು ಕಡ್ಡಿ. ಪೆನ್ಸಿಲ್ ಕೊಳ್ಳುವಾಗ ತಿರುಗಿಸಿ ಮೇಲೆತ್ತುವ ಥರದ್ದು ಬಿಟ್ಟು, ಕೆತ್ತಿ ಹೊಸ ತುದಿ ತೆಗೆಯಬಹುದಾದ ಮರದ ಪೆನ್ಸಿಲ್ ತೆಗೆದುಕೊಳ್ಳಿ.

ಬ್ರಷ್‌ಗೆ ಮೊದಲು ಸೋಪು, ಆಮೇಲೆ ಆಲ್ಕೋಹಾಲ್. ಕ್ರೀಮು, ಎಣ್ಣೆ ಹಾಗೇ ಇದ್ದರೆ ಆಲ್ಕೋಹಾಲ್ ಒಳಗೆ ತಲುಪುವುದಿಲ್ಲ. 70 ಪರ್ಸೆಂಟಿನ ಐಸೊಪ್ರೊಪೈಲ್ ಆಲ್ಕೋಹಾಲ್ ತೆಗೆದುಕೊಳ್ಳಿ. 99 ಇನ್ನೂ ಜೋರು ಅಂತ ಅನ್ನಿಸಬಹುದು, ಆದರೆ ಅದು ಕ್ಷಣದಲ್ಲಿ ಆರಿಬಿಡುತ್ತದೆ. 70ರಲ್ಲಿರುವ ನೀರು ಅದನ್ನು ಸ್ವಲ್ಪ ಹೊತ್ತು ನಿಲ್ಲಿಸುತ್ತದೆ, ರೋಗಾಣುವಿನ ಪ್ರೋಟೀನ್ ಕೆಡಿಸೋಕೂ ಆ ನೀರು ಬೇಕು. ಹೇರ್ ಸಲೂನಿನಲ್ಲಿ ಬಾಚಣಿಗೆ ಅದ್ದಿಡುವ ದ್ರಾವಣದ ಜಾಡಿಯ ಪಕ್ಕದಲ್ಲೇ ಮೇಕಪ್ ಬ್ರಷ್ ನಿಲ್ಲಿಸಬೇಡಿ. ಎರಡಕ್ಕೂ ಬೇರೆ ಬೇರೆ ಜಾಗ ಮಾಡಿ.

ಪ್ರತಿ ಡಬ್ಬಿಯ ಮೇಲೆ ತೆರೆದ ಜಾಡಿಯ ಸಣ್ಣ ಚಿತ್ರ ಹುಡುಕಿ. ಅದರೊಳಗೆ 6ಎಂ, 12ಎಂ, 24ಎಂ ಅಂತ ಇರುತ್ತದೆ. ತೆರೆದ ಮೇಲೆ ಎಷ್ಟು ತಿಂಗಳು ಬಳಸಬಹುದು ಅನ್ನುವುದರ ಗುರುತು ಅದು. ಯುರೋಪಿಯನ್ ಒಕ್ಕೂಟದ ನಿಯಮದಲ್ಲಿ, 30 ತಿಂಗಳಿಗಿಂತ ಹೆಚ್ಚು ಬಾಳುವ ಸಾಮಾನಿನ ಮೇಲೆ ಈ ಗುರುತು ಹಾಕುತ್ತಾರೆ. ತೆರೆದ ದಿನವನ್ನು ಡಬ್ಬಿಯ ತಳದಲ್ಲಿ ನೀವೇ ಬರೆಯಿರಿ. ಈ ಸಂಖ್ಯೆಯಿಂದ ಕೊಳ್ಳುವ ಲೆಕ್ಕವೂ ಬದಲಾಗುತ್ತದೆ. ಒಂದು ಮುಖಕ್ಕೆ ಸುಮಾರು 1 ಮಿಲಿ ಫೌಂಡೇಶನ್ ಹಿಡಿಯುತ್ತದೆ. 30 ಮಿಲಿ ಬಾಟಲಿಯಲ್ಲಿ 25ರಿಂದ 30 ಮುಖ. ನಡುವಿನ ಶೇಡ್‌ಗಳು ಬೇಗ ಖಾಲಿಯಾಗುತ್ತವೆ. ತೀರಾ ತಿಳಿ, ತೀರಾ ಗಾಢ ಶೇಡ್‌ಗಳನ್ನು ವರ್ಷಕ್ಕೆ ಐದಾರು ಜನಕ್ಕೆ ಬಳಸುತ್ತೀರಿ ಅಂದರೆ ಬಾಟಲಿ ಮುಗಿಯುವ ಮುಂಚೆಯೇ ಅವಧಿ ಮುಗಿಯುತ್ತದೆ. ಅವುಗಳನ್ನು ಚಿಕ್ಕ ಅಳತೆಯಲ್ಲಿ ಕೊಡುವ ಬ್ರ್ಯಾಂಡಿನಿಂದ ತನ್ನಿ. ಇಲ್ಲವೇ ಬಹಳ ಕಾಲ ಬಾಳುವ ಕ್ರೀಮ್ ಪ್ಯಾಲೆಟ್‌ನಲ್ಲಿ ಇಟ್ಟುಕೊಳ್ಳಿ. ತರದೇ ಇರುವುದು ಮಾತ್ರ ಬೇಡ.

ಐಶ್ಯಾಡೋ, ಬ್ಲಶ್, ಹುಬ್ಬಿನ ಪುಡಿಗಳಲ್ಲಿ ದುಡ್ಡು ಉಳಿಸಬಹುದು. ಬಿಡಿ ಪ್ಯಾನ್ ಸಿಗುವ ಬ್ರ್ಯಾಂಡ್ ಆರಿಸಿ. ಪೋಲೆಂಡಿನ ಇಂಗ್ಲಾಟ್ ಕಂಪನಿಯ ಫ್ರೀಡಂ ಸಿಸ್ಟಮ್ ಈ ಥರದ್ದು, ಬೇಕಾದ ಬಣ್ಣ ಆರಿಸಿ ಖಾಲಿ ಪ್ಯಾಲೆಟ್‌ಗೆ ತುಂಬಿಕೊಳ್ಳಬಹುದು. ಅವರದೇ ಡ್ಯುರಾಲೈನ್ ಅನ್ನುವ ದ್ರವದ ಒಂದೇ ಹನಿ ಹಾಕಿದರೆ ಪುಡಿ ಐಶ್ಯಾಡೋ ಲೈನರ್ ಆಗುತ್ತದೆ. ಹತ್ತು ಬಣ್ಣದ ಲೈನರ್ ಕೊಳ್ಳುವ ಬದಲು ಇದು ಸಾಕು. ಅಂಗಡಿಗಳಲ್ಲಿ ಸಿಗುವ ಚೆಂದದ ಹದಿನೆಂಟು ಬಣ್ಣದ ರೆಡಿ ಪ್ಯಾಲೆಟ್‌ಗಳಲ್ಲಿ ನಾಲ್ಕು ಬಣ್ಣ ಮುಗಿಯುತ್ತವೆ, ಹದಿನಾಲ್ಕು ಹಾಗೇ ಉಳಿಯುತ್ತವೆ. ಲಿಮಿಟೆಡ್ ಎಡಿಷನ್ ಅಂತ ಬರೆದದ್ದನ್ನು ಕೆಲಸದ ಕಿಟ್ಟಿಗೆ ತರಲೇಬೇಡಿ. ಇಷ್ಟಪಟ್ಟ ಗ್ರಾಹಕರು ಮತ್ತೆ ಅದನ್ನೇ ಕೇಳಿದಾಗ ಕೊಡೋಕೆ ಆಗುವುದಿಲ್ಲ.

ನಾನು ಒಮ್ಮೆ ಇದರಲ್ಲಿ ಬಿದ್ದಿದ್ದೇನೆ. ಒಂದೇ ಕಂಪನಿಯ ಫೌಂಡೇಶನ್ ಸಾಲನ್ನು ಪೂರ್ತಿ ತಂದಿದ್ದೆ. ಒಂದೂವರೆ ವರ್ಷದಲ್ಲಿ ಅವರು ಶೇಡ್ ಸಂಖ್ಯೆಗಳನ್ನು ಬದಲಿಸಿದರು, ಒಳಗಿನ ಮಿಶ್ರಣವನ್ನೂ ಬದಲಿಸಿದರು. ಹಳೆಯ ಮೂರನೇ ನಂಬರ್ ಅಂತ ತರಿಸಿದ್ದು ಕೆಂಪಗೆ ಬಂತು. ಆಗಾಗ ಬರುತ್ತಿದ್ದ ಒಬ್ಬ ಗ್ರಾಹಕಿಗೆ ಕಾರ್ಡಿನಲ್ಲಿ ಬರೆದಿದ್ದ ಶೇಡನ್ನೇ ನಂಬಿ ಹಚ್ಚಿಬಿಟ್ಟೆ. ಪೂರ್ತಿ ಒರೆಸಿ ಮತ್ತೆ ಶುರು ಮಾಡಬೇಕಾಯಿತು, ಅವರು ಕಾರ್ಯಕ್ರಮಕ್ಕೆ ತಡವಾಗಿ ಹೋದರು. ಅವರ ಮುಖ ನನಗೆ ಇವತ್ತಿಗೂ ನೆನಪಿದೆ. ಆವತ್ತಿನಿಂದ ಹೊಸ ಬಾಟಲಿ ಬಂದಾಗ ಹಳೆಯದರ ಪಕ್ಕ ಬಿಳಿ ಕಾಗದದ ಮೇಲೆ ಒಂದು ಗೆರೆ ಎಳೆದು ನೋಡುತ್ತೇನೆ. ಆಮೇಲೇ ಕಿಟ್ಟಿಗೆ ಹಾಕುತ್ತೇನೆ.

ಅಲರ್ಜಿಯ ವಿಷಯ ನಿಮಗೆ ಹೊಸದಲ್ಲ. ಹೇರ್ ಕಲರ್‌ಗೆ 48 ಗಂಟೆ ಮುಂಚೆ ಪ್ಯಾಚ್ ಟೆಸ್ಟ್ ಮಾಡುವವರು ನೀವು. ಆ ಶಿಸ್ತನ್ನು ಮೇಕಪ್ಪಿಗೂ ತನ್ನಿ. ಕಲರ್‌ನಲ್ಲಿರುವ ಪಿಪಿಡಿ ಅನ್ನುವ ರಾಸಾಯನಿಕಕ್ಕೆ ತಲೆ ತುರಿಸಿದವರ ಹೆಸರು ನಿಮ್ಮ ಬಳಿ ಇರುತ್ತದೆ. ಅವರಿಗೆ ಹುಬ್ಬು, ರೆಪ್ಪೆಗೆ ಬಣ್ಣ ಹಾಕುವ ಮಾತು ಬಂದರೆ ಬೇಡ ಅನ್ನಿ. ಪೆನ್ಸಿಲ್ಲೋ ಪುಡಿಯೋ ಸಾಕು. ಕೃತಕ ರೆಪ್ಪೆಯ ಅಂಟು ಎರಡು ಥರ ತನ್ನಿ. ಹಲವು ಅಂಟುಗಳಲ್ಲಿ ರಬ್ಬರ್ ಲೇಟೆಕ್ಸ್ ಇರುತ್ತದೆ, ಕೆಲವರಿಗೆ ಅದು ಆಗುವುದಿಲ್ಲ. ಡ್ಯುಯೊ ಥರದ ಬ್ರ್ಯಾಂಡುಗಳು ಲೇಟೆಕ್ಸ್ ಇಲ್ಲದ್ದನ್ನೂ ಮಾಡುತ್ತವೆ. ಮುಖಕ್ಕೆ ಹಚ್ಚುವುದರಲ್ಲಿ ಪರಿಮಳ ಇಲ್ಲದ್ದೇ ಇರಲಿ. ನಿಮ್ಮ ಸಲೂನಿನಲ್ಲಿ ಶಾಂಪೂ, ಸ್ಪ್ರೇಗಳ ಪರಿಮಳ ಈಗಾಗಲೇ ಸಾಕಷ್ಟಿದೆ. ಕೆಂಪು ಲಿಪ್‌ಸ್ಟಿಕ್, ಬ್ಲಶ್‌ಗಳಲ್ಲಿ ಕಾರ್ಮೈನ್ ಅಥವಾ ಸಿಐ 75470 ಎಂದಿದ್ದರೆ ಅದು ಕೀಟದಿಂದ ತೆಗೆದ ಬಣ್ಣ. ಬೇಡ ಅನ್ನುವವರು ಇರುತ್ತಾರೆ. ಕೇಳಿದಾಗ ತಡವರಿಸದೆ ಉತ್ತರ ಹೇಳುವಂತಿರಬೇಕು.

ಹೈಪೋಅಲರ್ಜೆನಿಕ್ (ಅಲರ್ಜಿ ಆಗುವುದು ಕಡಿಮೆ) ಅನ್ನುವ ಪದ ನೋಡಿ ಸಮಾಧಾನ ಮಾಡಿಕೊಳ್ಳಬೇಡಿ. ಔಷಧ, ಸೌಂದರ್ಯವರ್ಧಕಗಳ ಮೇಲೆ ನಿಗಾ ಇಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ 1975ರಲ್ಲಿ, ಈ ಪದ ಬಳಸಬೇಕಾದರೆ ಪರೀಕ್ಷೆ ಮಾಡಿ ತೋರಿಸಿ ಅಂತ ನಿಯಮ ತಂದಿತ್ತು. 1977ರಲ್ಲಿ ಅಲ್ಲಿನ ನ್ಯಾಯಾಲಯ ಆ ನಿಯಮವನ್ನು ತೆಗೆದುಹಾಕಿತು. ಹಾಗಾಗಿ ಅಲ್ಲಿ ಆ ಪದಕ್ಕೆ ಇಷ್ಟೇ ಅಂತ ಕಾನೂನಿನ ಅರ್ಥ ಇಲ್ಲ. ನೀವು ನಂಬಬೇಕಾದದ್ದು ಡಬ್ಬಿಯ ಹಿಂದಿನ ಪಟ್ಟಿಯನ್ನು. ಪಟ್ಟಿಯೇ ಇಲ್ಲದ ಅಥವಾ ಕೇಳಿದರೂ ಕೊಡದ ಕಂಪನಿಯ ಸಾಮಾನು ಎಷ್ಟೇ ಚೆನ್ನಾಗಿ ಕಂಡರೂ ಒಳಗೆ ಬಿಟ್ಟುಕೊಳ್ಳಬೇಡಿ. ದೊಡ್ಡ ಹೆಸರು ತೀರಾ ಅಗ್ಗಕ್ಕೆ ಸಿಕ್ಕರೆ ಅದೂ ಬೇಡ. ಹೆಸರಾಂತ ಬ್ರ್ಯಾಂಡುಗಳಿಗೆ ನಕಲಿಗಳು ಜಾಸ್ತಿ. ಅಧಿಕೃತ ಮಾರಾಟಗಾರರಿಂದಲೇ ತನ್ನಿ. ಬಿಲ್ಲು, ಡಬ್ಬಿಯ ಬ್ಯಾಚ್ ನಂಬರ್ ಎರಡನ್ನೂ ಇಟ್ಟುಕೊಳ್ಳಿ. ಯಾರಿಗಾದರೂ ಚರ್ಮ ಕೆಂಪಾದರೆ ಮೊದಲು ಬೇಕಾಗುವುದು ಅವೇ.

ಗ್ರಾಹಕರು ದೊಡ್ಡ ಹೆಸರು ಕೇಳುತ್ತಾರೆ ಅನ್ನುವ ನಿಮ್ಮ ಅಳುಕು ನನಗೆ ಅರ್ಥವಾಗುತ್ತದೆ. ಅದರಲ್ಲಿ ತಪ್ಪೇನೂ ಇಲ್ಲ. ಗೊತ್ತಿರುವ ಹೆಸರು ಕಂಡರೆ ಅವರಿಗೆ ಧೈರ್ಯ ಬರುತ್ತದೆ. ಕಿಟ್ಟಿನಲ್ಲಿ ಅವರಿಗೆ ಗೊತ್ತಿರುವ ಒಂದೆರಡು ಬ್ರ್ಯಾಂಡ್ ಇರಲಿ. ಸುಲಭವಾದ ಜಾಗ ಅಂದರೆ ಫೌಂಡೇಶನ್ ಮತ್ತು ಲಿಪ್‌ಸ್ಟಿಕ್. ಕೇಳುವುದೂ, ಆಮೇಲೆ ತಾವೂ ಕೊಳ್ಳುವುದೂ ಹೆಚ್ಚಾಗಿ ಅವನ್ನೇ. ಉಳಿದದ್ದರ ಬಗ್ಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿ. ಸಣ್ಣ ಡಬ್ಬಿಗೆ ತುಂಬಿಟ್ಟುಕೊಂಡ ಸಾಮಾನಿನ ಮೇಲೆ ಬ್ರ್ಯಾಂಡ್, ಶೇಡ್, ಬ್ಯಾಚ್, ತೆರೆದ ದಿನ ನಾಲ್ಕನ್ನೂ ಬರೆಯಿರಿ. ಒಂದು ಹೆಸರಿನ ಬಾಟಲಿಗೆ ಇನ್ನೊಂದನ್ನು ತುಂಬುವ ಯೋಚನೆಯನ್ನು ಯಾರು ಕೊಟ್ಟರೂ ಕೇಳಬೇಡಿ.

ಈಗ ಆ ಕಂಪನಿಯವರ ವಿಷಯ. ಅವರಿಗೆ ಹೀಗೆ ಹೇಳಿ ನೋಡಿ: ಮಾರುವ ಕಪಾಟಿನಲ್ಲಿ ನಿಮ್ಮ ಬ್ರ್ಯಾಂಡ್ ಒಂದೇ ಇಡುತ್ತೇನೆ, ಕೆಲಸದ ಕಿಟ್ ಮಾತ್ರ ನನ್ನಿಷ್ಟ. ಅವರಿಗೆ ಬೇಕಾದದ್ದು ಗ್ರಾಹಕರ ಕಣ್ಣಿಗೆ ಬೀಳುವ ಜಾಗ. ನಿಮಗೆ ಬೇಕಾದದ್ದು ಕೈ ಕಟ್ಟಿಹಾಕದ ಕಿಟ್. ಇದಕ್ಕೆ ಒಪ್ಪುವ ಕಂಪನಿಗಳಿವೆ. ಒಪ್ಪಿದರೆ ಎರಡು ವರ್ಷವನ್ನು ಆರು ತಿಂಗಳಿಗೆ ಇಳಿಸಲು ಕೇಳಿ. ಶೇಡ್‌ಗಳನ್ನು ಬಿಡಿಯಾಗಿ ತರಿಸಬಹುದಾ, ಪ್ರತಿ ಸಲ ಇಷ್ಟೇ ಕೊಳ್ಳಬೇಕು ಅಂತ ಇದೆಯಾ, ಶೇಡ್ ನಿಲ್ಲಿಸುವ ಮುಂಚೆ ತಿಳಿಸುತ್ತಾರಾ, ಮಾರಾಟವಾಗದ ಸಾಮಾನು ವಾಪಸ್ ತೆಗೆದುಕೊಳ್ಳುತ್ತಾರಾ, ನಡುವೆ ಬಿಟ್ಟರೆ ಸ್ಟ್ಯಾಂಡು ಕನ್ನಡಿಯ ದುಡ್ಡು ಕಟ್ಟಬೇಕಾ, ಇವಕ್ಕೆಲ್ಲ ಬಾಯಿಮಾತಿನ ಉತ್ತರ ಬೇಡ, ಕಾಗದದ ಮೇಲೆ ಕೇಳಿ. ತರಬೇತಿ ಕೊಡುವವರು ಮೇಕಪ್ ಮಾಡಿ ಅನುಭವ ಇರುವವರಾ ಅಥವಾ ಮಾರಾಟದವರಾ ಅಂತಲೂ ವಿಚಾರಿಸಿ. ಕೆಲವು ಬ್ರ್ಯಾಂಡುಗಳು ಮೇಕಪ್ ವೃತ್ತಿಯವರಿಗೆ ಪ್ರೊ ಸದಸ್ಯತ್ವ ಕೊಟ್ಟು ರಿಯಾಯಿತಿಯಲ್ಲಿ ಮಾರುತ್ತವೆ. ನಿಮ್ಮ ಕೋರ್ಸಿನ ಪ್ರಮಾಣಪತ್ರ ಅಲ್ಲಿ ಕೆಲಸಕ್ಕೆ ಬರಬಹುದು. ಯಾವ ಒಪ್ಪಂದವೂ ಇಲ್ಲದೆ ಸಿಗುವ ರಿಯಾಯಿತಿ ಅದು.

ಮೊದಲ ಮೂರು ತಿಂಗಳು ಚಿಕ್ಕ ಕಿಟ್ ಸಾಕು. ಬೆರೆಸಬಹುದಾದ ಎಂಟು ಹತ್ತು ಫೌಂಡೇಶನ್, ಒಂದು ಕನ್ಸೀಲರ್ ಪ್ಯಾಲೆಟ್, ಕರೆಕ್ಟರ್, ಎರಡು ಪೌಡರ್, ಹನ್ನೆರಡು ಐಶ್ಯಾಡೋ ಪ್ಯಾನ್, ಮೂರು ಬ್ಲಶ್, ಕಪ್ಪು ಮತ್ತು ಕಂದು ಲೈನರ್, ಹುಬ್ಬಿನ ಪುಡಿ ಮೂರು ಶೇಡ್. ಹುಬ್ಬಿನದು ಮೂರು ಯಾಕೆ ಅಂದರೆ, ಬೆಳಗ್ಗೆ ಕಪ್ಪು ಕೂದಲಲ್ಲಿ ಬಂದವರು ಮಧ್ಯಾಹ್ನ ನಿಮ್ಮ ಕೈಯಲ್ಲೇ ಕಂದು ಕೂದಲಾಗಿ ಎದ್ದಿರುತ್ತಾರೆ. ಲಿಪ್‌ಸ್ಟಿಕ್‌ಗಳನ್ನು ಸ್ವಲ್ಪ ಸ್ವಲ್ಪ ಕೆರೆದು ಒಂದು ಪ್ಯಾಲೆಟ್‌ಗೆ ತುಂಬಿ. ಪ್ರತಿ ಗ್ರಾಹಕರ ಕಾರ್ಡಿನಲ್ಲಿ ಕಲರ್ ಸೂತ್ರದ ಕೆಳಗೇ ಫೌಂಡೇಶನ್ ಬೆರೆಸಿದ ಅಳತೆ ಬರೆಯಿರಿ. ಆಗದ ಸಾಮಾನು ಯಾವುದಾದರೂ ಇದ್ದರೆ ಕೆಂಪು ಶಾಯಿಯಲ್ಲಿ ಅದನ್ನೂ ಬರೆಯಿರಿ. ಮೂರು ತಿಂಗಳಾದ ಮೇಲೆ ಆ ಕಾರ್ಡುಗಳನ್ನೂ ಬಾಟಲಿಗಳನ್ನೂ ಮುಂದಿಟ್ಟುಕೊಂಡು ಕೂತರೆ ಯಾವುದು ಖಾಲಿಯಾಗಿದೆ, ಯಾವುದು ಮುಟ್ಟದೇ ಉಳಿದಿದೆ, ಎಲ್ಲಿ ಶೇಡ್ ಸಿಗದೆ ಒದ್ದಾಡಿದ್ದೀರಿ ಅಂತ ಕಾಣುತ್ತದೆ. ಎರಡನೇ ಆರ್ಡರನ್ನು ಅದನ್ನು ನೋಡಿಕೊಂಡೇ ಬರೆಯಿರಿ.